ವಿಕ್ರಯಾನಂತರದ ಸ್ವಾಮ್ಯ: ತಂತ್ರೋದ್ಯಮ ಸಂಸ್ಥೆಗಳ ಕರಾರುಗಳ ಚರಿತ್ರೆಯಲ್ಲಿ ಒಂದು ಅಧ್ಯಾಯ

೧. ಪೀಠಿಕೆ

ಒಂದು ವಸ್ತುವನ್ನು ಬೆಲೆ ತೆಗೆದುಕೊಂಡು ಮಾರಿದ ಮೇಲೆ ಅದರ ವಿಷಯದಲ್ಲಿ ಮಾರಿದವನಿಗೆ ಯಾವ ಅಧಿಕಾರವೂ ಉಳಿಯುವುದಿಲ್ಲವೆಂಬುದು ಸಂತೆಪೇಟೆಗಳ ವ್ಯವಹಾರವನ್ನು ಬಲ್ಲ ಜನರಲ್ಲೆಲ್ಲ ಬೇರೂರಿರುವ ನಂಬಿಕೆ. ಕೊಂಡ ತಾಮ್ರದ ಕೊಡವನ್ನು ಕೊಂಡವನು ಮನೆಯಲ್ಲಿಟ್ಟುಕೊಳ್ಳಬಹುದು, ನೆರೆಯವರಿಗೆ ಎರವಲು ಕೊಡಬಹುದು, ಮಗಳಿಗೆ ಬಳುವಳಿಯಾಗಿ ಕೊಡಬಹುದು, ಬೇಡವಾದರೆ ಮಾರಬಹುದು. ಕಂಚುಗಾರನು ಮರುವರ್ಷ ಬಂದು ಕೊಡದ ಬಾಯನ್ನು ಕಿರಿದುಮಾಡಿ ಹೋಗುವನೆಂದು ಯಾರೂ ಶಂಕಿಸುವುದಿಲ್ಲ. ಆದರೆ ಕಳೆದ ಇಪ್ಪತ್ತು ವರ್ಷಗಳಿಂದೀಚೆಗೆ ಪುಸ್ತಕ, ಸಂಗೀತ, ಚಲನಚಿತ್ರ, ಆಟ, ದೂರವಾಣಿ ಇವು ಅಂತರಜಾಲದ ಮೂಲಕ ಮಾರಿದವನೊಡನೆ ನಿತ್ಯಸಂಬಂಧವನ್ನಿಟ್ಟುಕೊಂಡಿರತಕ್ಕ ಪದಾರ್ಥಗಳಾದುದರಿಂದ ಈ ಹಳೆಯ ನಂಬಿಕೆಯು ಬಹುಮಟ್ಟಿಗೆ ಅಲುಗಾಡಿದೆ. ಮಾರಿದವನು ಈಗ ಮರುವರ್ಷವೇ ಏಕೆ, ಮರುದಿನವೇ ಬರಬಲ್ಲನು; ಬಂದು ಕೊಡದ ಬಾಯನ್ನು ಕಿರಿದುಮಾಡಲೂಬಲ್ಲನು, ಕೊಡವನ್ನೇ ಒಯ್ಯಲೂಬಲ್ಲನು.

ಈ ಮಾರ್ಪಾಟು ಯಾವ ಕ್ರಮದಿಂದ ನಡೆಯಿತು, ಅದರಿಂದ ಆಟಗಾರರಿಗೂ ಚಂದಾದಾರರಿಗೂ ಯಂತ್ರಗಳ ಒಡೆಯರಿಗೂ ಆದ ಲಾಭನಷ್ಟಗಳೇನು, ಸಂಸ್ಥೆಗಳು ತಾವು ಮಾಡಿದ ನಿಯಮವನ್ನು ಎಂಥ ಸಂದರ್ಭಗಳಲ್ಲಿ ಹಿಂದಕ್ಕೆ ತೆಗೆದುಕೊಂಡುವು, ಎಂಥ ಸಂದರ್ಭಗಳಲ್ಲಿ ತೆಗೆದುಕೊಳ್ಳಲಿಲ್ಲ ಎಂಬ ಮೂರು ವಿಷಯಗಳನ್ನು ಈ ಲೇಖನದಲ್ಲಿ ವಿಚಾರಮಾಡಲಾಗುವುದು. ಆಧಾರಗಳೆಲ್ಲವೂ ಬಹುಮಟ್ಟಿಗೆ ಅಮೆರಿಕ ಮತ್ತು ಐರೋಪ್ಯ ದೇಶಗಳಿಗೆ ಸೇರಿದುವು; ಆ ಸಂಸ್ಥೆಗಳ ಮೂಲಸ್ಥಾನವೂ ಅವುಗಳ ಮೇಲಣ ವ್ಯಾಜ್ಯಗಳು ನಡೆದ ನ್ಯಾಯಸ್ಥಾನಗಳೂ ಅಲ್ಲಿಯೇ ಇರುವುದು ಇದಕ್ಕೆ ಕಾರಣ. ನಮ್ಮ ದೇಶದ ಪ್ರಸಕ್ತಿಯು ಬರುವ ಕಡೆ ಅದನ್ನೂ ಸೂಚಿಸಲಾಗಿದೆ.

೨. ಒಂದು ಕಾದಂಬರಿಯ ವ್ಯಾಜ್ಯ

ಮಾರಿದ ವಸ್ತುವಿನ ಮೇಲೆ ಷರತ್ತು ಹೊರಿಸುವ ಪ್ರಯತ್ನವು ಗಣಕಯಂತ್ರಗಳೊಡನೆ ಹುಟ್ಟಿದುದೆಂದು ಭಾವಿಸುವುದು ಸರಿಯಲ್ಲ. ೧೯೦೪ ರಲ್ಲಿ ಅಮೆರಿಕದ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆಯು ‘ದಿ ಕ್ಯಾಸ್ಟವೇ’ ಎಂಬ ಕಾದಂಬರಿಯನ್ನು ಪ್ರಕಟಿಸಿ, ಅದರೊಳಗೆ ಒಂದು ಸೂಚನೆಯನ್ನು ಅಚ್ಚುಹಾಕಿಸಿತು. ಈ ಪುಸ್ತಕದ ಚಿಲ್ಲರೆ ಬೆಲೆಯು ಒಂದು ಡಾಲರು. ಅದಕ್ಕಿಂತ ಕಡಮೆಗೆ ಮಾರಲು ಯಾವ ವರ್ತಕನಿಗೂ ಪರವಾನಗಿಯಿಲ್ಲ. ಹಾಗೆ ಮಾರಿದರೆ ಗ್ರಂಥಸ್ವಾಮ್ಯದ ಉಲ್ಲಂಘನೆಯೆಂದು ಎಣಿಸಲಾಗುವುದು—ಇದು ಆ ಸೂಚನೆಯ ತಾತ್ಪರ್ಯ. ನ್ಯೂಯಾರ್ಕಿನ ಮೇಸಿ ಅಂಗಡಿಯ ಒಡೆಯರಾದ ಸ್ಟ್ರಾಸ್ ಸಹೋದರರು ಇದನ್ನು ಲಕ್ಷಿಸದೆ ಪ್ರತಿಯೊಂದನ್ನು ೮೯ ಸೆಂಟುಗಳಿಗೆ ಮಾರಿದರು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ೧೯೦೮ ನೆಯ ಜೂನ್ ೧ ರಂದು ಆ ನ್ಯಾಯಸ್ಥಾನವು ತೀರ್ಪನ್ನು ಕೊಟ್ಟಿತು: ಗ್ರಂಥಸ್ವಾಮ್ಯವುಳ್ಳವನಿಗೆ ತನ್ನ ಪ್ರತಿಗಳನ್ನು ಮಾರುವ ಹಕ್ಕು ಉಂಟು, ಆದರೆ ಪ್ರತಿಯು ಒಮ್ಮೆ ಮಾರಾಟವಾದ ಬಳಿಕ ಮುಂದಣ ಮಾರಾಟದ ಬೆಲೆಯನ್ನು ಒಂದು ಸೂಚನೆಯ ಬಲದಿಂದ ಕಟ್ಟುಮಾಡುವ ಹಕ್ಕು ಅವನಿಗಿಲ್ಲ. ಮರುವರ್ಷ, ಎಂದರೆ ೧೯೦೯ ರಲ್ಲಿ, ಈ ತತ್ತ್ವವು ಅಲ್ಲಿಯ ಗ್ರಂಥಸ್ವಾಮ್ಯದ ಶಾಸನದಲ್ಲಿಯೂ ಸೇರಿತು. ಹಳೆಯ ಪುಸ್ತಕದಂಗಡಿಗಳೂ ಸಾರ್ವಜನಿಕ ಪುಸ್ತಕ ಭಂಡಾರಗಳೂ ಆ ದೇಶದಲ್ಲಿ ನಿಶ್ಚಿಂತೆಯಿಂದ ನಡೆದುಬಂದಿರುವುದು ಈ ತತ್ತ್ವದ ನೆರಳಿನಲ್ಲಿಯೇ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಪ್ರಕಾಶಕರು ೧೯೦೪ ರಲ್ಲಿಯೇ ‘ಪರವಾನಗಿ’ ಎಂಬ ಮಾತನ್ನು ಬಳಸಿದ್ದರು. ನ್ಯಾಯಸ್ಥಾನವು ಆ ಮಾತಿಗೆ ಮರುಳಾಗದೆ, ನಡೆದ ವ್ಯವಹಾರವು ಮಾರಾಟವೇ ಎಂದು ಕಂಡುಕೊಂಡಿತು. ಎರಡನೆಯದಾಗಿ, ಬಾಬ್ಸ್-ಮೆರಿಲ್ ಸಂಸ್ಥೆಯ ಕೈಯಲ್ಲಿದ್ದುದು ಅಚ್ಚಿನ ಅಕ್ಷರಗಳು ಮಾತ್ರ. ಅಂಗಡಿಯಲ್ಲಿದ್ದ ಪುಸ್ತಕವು ತಾನಾಗಿ ಮುಚ್ಚಿಕೊಳ್ಳುವಂತೆ ಮಾಡುವ ಶಕ್ತಿ ಅದಕ್ಕಿರಲಿಲ್ಲ. ಮುಂದೆ ಒಂದು ನೂರು ವರ್ಷದೊಳಗೆ ಈ ಎರಡು ಅಡ್ಡಿಗಳೂ ನಿವಾರಣೆಯಾದುವು.

೩. ಮಾರಾಟವು ಪರವಾನಗಿಯಾದುದು

ಗಣಕಯಂತ್ರದ ಕಾರ್ಯಕ್ರಮಗಳಿಗೆ ಅಮೆರಿಕದ ಗ್ರಂಥಸ್ವಾಮ್ಯದ ರಕ್ಷಣೆಯು ೧೯೮೦ ರ ತಿದ್ದುಪಡಿಯಿಂದ ಸ್ಪಷ್ಟವಾಗಿ ದೊರೆಯಿತು. ಕಾರ್ಯಕ್ರಮವನ್ನು ಬಳಸಬೇಕಾದರೆ ಅದನ್ನು ಯಂತ್ರದೊಳಕ್ಕೆ ನಕಲುಮಾಡಲೇ ಬೇಕು. ನಕಲಿಗೆ ಅನುಮತಿ ಬೇಕು. ಆದಕಾರಣ ಕೊಂಡವನಿಗೆ ಪದಾರ್ಥವನ್ನು ಮಾರಿಲ್ಲ, ಬಳಸಲು ಅನುಮತಿಯನ್ನು ಮಾತ್ರ ಕೊಟ್ಟಿದೆಯೆಂದು ಸಂಸ್ಥೆಗಳು ವಾದಿಸಿದುವು. ೧೯೯೮ ರಲ್ಲಿ ಅಂಗೀಕೃತವಾದ ಮತ್ತೊಂದು ಶಾಸನವು, ಪದಾರ್ಥಕ್ಕೆ ಹಾಕಿರುವ ತಾಂತ್ರಿಕ ಬೀಗವನ್ನು ಒಡೆಯುವುದನ್ನೇ ಅಪರಾಧವನ್ನಾಗಿ ಮಾಡಿತು. ೨೦೧೦ ರಲ್ಲಿ ಆಟೋಡೆಸ್ಕ್ ಸಂಸ್ಥೆಯ ಕಾರ್ಯಕ್ರಮದ ಹಳೆಯ ಪ್ರತಿಗಳನ್ನು ಮಾರಿದವನೊಬ್ಬನ ವ್ಯಾಜ್ಯದಲ್ಲಿ ಅಮೆರಿಕದ ಒಂಬತ್ತನೆಯ ಮಂಡಲದ ಮೇಲ್ಮನವಿ ನ್ಯಾಯಸ್ಥಾನವು ಸಂಸ್ಥೆಯ ಪಕ್ಷವನ್ನು ಎತ್ತಿಹಿಡಿಯಿತು. ಕರಾರಿನಲ್ಲಿ ಪರವಾನಗಿಯೆಂದು ಹೇಳಿ, ಹಸ್ತಾಂತರವನ್ನು ನಿರ್ಬಂಧಿಸಿ, ಬಳಕೆಯ ಮೇಲೆ ಗಣನೀಯವಾದ ಕಟ್ಟಳೆಗಳನ್ನು ಹಾಕಿದ್ದರೆ ಕೊಂಡವನು ಒಡೆಯನಲ್ಲ, ಪರವಾನಗಿದಾರನೆಂದು ಆ ತೀರ್ಪಿನ ಸಾರಾಂಶ. ೧೯೦೮ ರಲ್ಲಿ ಸೋತ ಮಾತು ೨೦೧೦ ರಲ್ಲಿ ಗೆದ್ದಿತು.

ಯೂರೋಪಿನಲ್ಲಿ ವಿಚಾರವು ಸ್ವಲ್ಪ ಬೇರೆಯಾಗಿ ನಡೆಯಿತು. ೨೦೧೨ ನೆಯ ಜುಲೈ ೩ ರಂದು ಐರೋಪ್ಯ ಒಕ್ಕೂಟದ ನ್ಯಾಯಸ್ಥಾನವು ಯೂಸ್ಡ್‌ಸಾಫ್ಟ್ ಮತ್ತು ಒರೇಕಲ್ ಸಂಸ್ಥೆಗಳ ವ್ಯಾಜ್ಯದಲ್ಲಿ, ಕಾಲಮಿತಿಯಿಲ್ಲದೆ ಬೆಲೆ ತೆಗೆದುಕೊಂಡು ಕೊಟ್ಟ ಕಾರ್ಯಕ್ರಮವು ಅಂತರಜಾಲದಿಂದ ಇಳಿಸಿಕೊಂಡುದಾದರೂ ಮಾರಾಟವೇ, ಅದನ್ನು ಮುಂದೆ ಮಾರಬಹುದು ಎಂದು ಹೇಳಿತು. ಆದರೆ ಅದೇ ನ್ಯಾಯಸ್ಥಾನವು ೨೦೧೯ ರ ಡಿಸೆಂಬರಿನಲ್ಲಿ ವಿದ್ಯುನ್ಮಾನ ಪುಸ್ತಕಗಳಿಗೆ ಈ ಸೌಲಭ್ಯವಿಲ್ಲವೆಂದು ತೀರ್ಮಾನಿಸಿತು. ಅಮೆರಿಕದಲ್ಲಿಯೂ, ಕೊಂಡ ಸಂಗೀತದ ಕಡತಗಳನ್ನು ಮರಳಿ ಮಾರುವ ಏರ್ಪಾಟು ಮಾಡಿದ್ದ ರೀಡಿಜಿ ಎಂಬ ಸಂಸ್ಥೆಯು ೨೦೧೩ ರಲ್ಲಿ ಒಮ್ಮೆಯೂ, ೨೦೧೮ ರಲ್ಲಿ ಮೇಲ್ಮನವಿಯಲ್ಲಿ ಇನ್ನೊಮ್ಮೆಯೂ ಸೋತಿತು. ಕಾಗದದ ಪುಸ್ತಕವನ್ನು ಕೊಟ್ಟರೆ ಕೊಟ್ಟವನ ಕೈ ಬರಿದಾಗುತ್ತದೆ. ಕಡತವನ್ನು ಕಳುಹಿಸಿದರೆ ಹೊಸದೊಂದು ನಕಲು ಹುಟ್ಟುತ್ತದೆ—ಎಂಬ ಒಂದು ಭೇದವೇ ಈ ತೀರ್ಪುಗಳ ಬುನಾದಿ.

೪. ಹಿಂದಕ್ಕೆ ಹೋದ ಪುಸ್ತಕಗಳು

ಕರಾರಿನ ಈ ಮಾತುಗಳು ನ್ಯಾಯವಾದಿಗಳಿಗೆ ಮಾತ್ರ ತಿಳಿದಿದ್ದ ಕಾಲದಲ್ಲಿ, ಅವುಗಳ ಅರ್ಥವನ್ನು ಜನಸಾಮಾನ್ಯಕ್ಕೆ ತೋರಿಸಿಕೊಟ್ಟ ಘಟನೆಯು ೨೦೦೯ ರ ಜುಲೈ ತಿಂಗಳಲ್ಲಿ ನಡೆಯಿತು. ಅಮೆಜಾನ್ ಸಂಸ್ಥೆಯ ಕಿಂಡಲ್ ಎಂಬ ಓದುಯಂತ್ರದಲ್ಲಿ ಕೆಲವರು ಬೆಲೆ ಕೊಟ್ಟು ಇಳಿಸಿಕೊಂಡಿದ್ದ ಎರಡು ಪುಸ್ತಕಗಳು ಅವರಿಗೆ ತಿಳಿಯದಂತೆ ಮಾಯವಾದುವು; ಕೊಟ್ಟ ಹಣವು ಲೆಕ್ಕಕ್ಕೆ ಹಿಂದಿರುಗಿತು. ಆ ಪುಸ್ತಕಗಳು ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ಲನ ‘ಅನಿಮಲ್ ಫಾರ್ಮ್’ ಮತ್ತು ‘ನೈನ್ಟೀನ್ ಎಯ್ಟಿಫೋರ್’; ಅಧಿಕಾರಸ್ಥರು ಹಳೆಯ ದಾಖಲೆಗಳನ್ನು ಅಳಿಸಿಹಾಕುವ ಕಥೆಯೇ ಎರಡನೆಯದರ ವಸುವಾಗಿರುವುದರಿಂದ ಲೋಕಕ್ಕೆ ಈ ಸುದ್ದಿಯು ಮರೆಯದಂತಾಯಿತು. ಸಂಸ್ಥೆಯು ಕೊಟ್ಟ ಸಮಾಧಾನವೇನೆಂದರೆ, ಆ ಪ್ರತಿಗಳನ್ನು ಮಾರಾಟಕ್ಕಿಟ್ಟವರಿಗೆ ಅಮೆರಿಕದಲ್ಲಿ ಅವನ್ನು ಪ್ರಕಟಿಸುವ ಹಕ್ಕು ಇರಲಿಲ್ಲವೆಂಬುದು. ಒಂದು ವಾರದೊಳಗೆ ಸಂಸ್ಥೆಯ ಮುಖ್ಯಾಧಿಕಾರಿ ಜೆಫ್ ಬೆಜೋಸರು ಇದು ಅವಿವೇಕದ ಕಾರ್ಯವೆಂದು ಒಪ್ಪಿ ಬಹಿರಂಗವಾಗಿ ಕ್ಷಮೆ ಬೇಡಿದರು. ಪುಸ್ತಕದೊಡನೆ ತನ್ನ ಪಾಠದ ಟಿಪ್ಪಣಿಗಳೂ ನಿರುಪಯುಕ್ತವಾದುವೆಂದು ಒಬ್ಬ ವಿದ್ಯಾರ್ಥಿಯು ಹೂಡಿದ ಮೊಕದ್ದಮೆಯು ಅದೇ ವರ್ಷ ರಾಜಿಯಲ್ಲಿ ಮುಗಿಯಿತು. ಅಮೆಜಾನ್ ೧,೫೦,೦೦೦ ಡಾಲರುಗಳನ್ನು ಕೊಟ್ಟು, ಕೊಂಡವನ ಒಪ್ಪಿಗೆ, ಹಣದ ವಾಪಸು, ನ್ಯಾಯಸ್ಥಾನದ ಆಜ್ಞೆ, ಯಂತ್ರದ ರಕ್ಷಣೆ ಮೊದಲಾದ ಕೆಲವು ಕಾರಣಗಳ ಹೊರತು ಆ ದೇಶದ ಗ್ರಾಹಕರ ಪುಸ್ತಕಗಳನ್ನು ಹಾಗೆ ತೆಗೆಯುವುದಿಲ್ಲವೆಂದು ಮಾತುಕೊಟ್ಟಿತು.

ಈ ಪ್ರಸಂಗವನ್ನು ನಮ್ಮ ಪ್ರಾಚೀನ ವ್ಯವಹಾರಶಾಸ್ತ್ರದ ದೃಷ್ಟಿಯಿಂದ ನೋಡುವುದು ಅಪ್ರಕೃತವಾಗಲಾರದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ‘ಅಸ್ವಾಮಿವಿಕ್ರಯ’ ಎಂಬ ಒಂದು ಪ್ರಕರಣವುಂಟು. ಒಡೆಯನಲ್ಲದವನು ಮಾರಿದ ವಸ್ತುವು ಪತ್ತೆಯಾದಾಗ, ಕೊಂಡವನು ಮಾರಿದವನನ್ನು ತೋರಿಸಿಕೊಟ್ಟು ದೋಷದಿಂದ ಬಿಡುಗಡೆ ಹೊಂದುತ್ತಾನೆ. ಮಾರಿದವನಿಂದ ಒಡೆಯನಿಗೆ ವಸ್ತುವೂ, ರಾಜನಿಗೆ ದಂಡವೂ, ಕೊಂಡವನಿಗೆ ಕೊಟ್ಟ ಬೆಲೆಯೂ ಸಲ್ಲಬೇಕು. ಅಮೆಜಾನ್ ಮಾಡಿದುದರಲ್ಲಿ ಒಡೆಯನ ಹಕ್ಕೂ ಕೊಂಡವನ ಬೆಲೆಯೂ ಸಂದುವೆಂಬುದು ನಿಜ. ಕೊರತೆಯಾದುದು ಮೂರನೆಯ ಅಂಗ. ಸ್ಮೃತಿಯ ಕ್ರಮದಲ್ಲಿ ವಸ್ತುವು ಹಿಂದಿರುಗುವುದು ವಿಚಾರಣೆಯಾದ ಮೇಲೆ, ಕೊಂಡವನ ಸಮಕ್ಷಮದಲ್ಲಿ, ರಾಜಾಧಿಕಾರದ ಮೂಲಕ. ಇಲ್ಲಿ ಮಾರಿದವನೇ ನ್ಯಾಯಾಧಿಪತಿಯೂ ಆಗಿ, ತಳವಾರನೂ ಆಗಿ, ರಾತ್ರಿಯ ಹೊತ್ತಿನಲ್ಲಿ ಕಾರ್ಯವನ್ನು ಮುಗಿಸಿದನು. ಜನರಿಗೆ ನೋವಾದುದು ಹಣದ ವಿಷಯದಲ್ಲಲ್ಲ, ಈ ಅಧಿಕಾರದ ವಿಷಯದಲ್ಲಿ.

ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಿ ಪುಸ್ತಕಗಳನ್ನು ತೆಗೆದುಕೊಂಡ ಇನ್ನೊಂದು ನಿದರ್ಶನವು ೨೦೧೯ ರದು. ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿದ್ಯುನ್ಮಾನ ಪುಸ್ತಕದಂಗಡಿಯನ್ನು ಮುಚ್ಚುವುದಾಗಿ ಆ ವರ್ಷದ ಏಪ್ರಿಲಿನಲ್ಲಿ ಪ್ರಕಟಿಸಿ, ಜುಲೈ ತಿಂಗಳಲ್ಲಿ ಮಾರಿದ ಪುಸ್ತಕಗಳನ್ನೆಲ್ಲ ನಿಲ್ಲಿಸಿತು. ಪುಸ್ತಕದಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ೨೫ ಡಾಲರುಗಳನ್ನು ಹೆಚ್ಚಾಗಿ ಕೊಟ್ಟಿತು. ಓದುಗನು ಅಂಚಿನಲ್ಲಿ ಬರೆದುಕೊಂಡ ವಿಚಾರಗಳಿಗೆ ಒಂದು ಸಂಸ್ಥೆಯು ಬೆಲೆಯನ್ನು ನಿಗದಿಮಾಡಿದುದು ಪುಸ್ತಕಗಳ ಚರಿತ್ರೆಯಲ್ಲಿ ವಿಶೇಷವೆಂದೇ ಹೇಳಬೇಕು.

೫. ಯಂತ್ರಗಳ ಒಡೆಯರು

ಇನ್ನು ಯಂತ್ರಗಳ ವಿಚಾರ. ಸೋನಿ ಸಂಸ್ಥೆಯು ೨೦೦೬ ರಲ್ಲಿ ಪ್ಲೇಸ್ಟೇಷನ್ ೩ ಎಂಬ ಆಟದ ಯಂತ್ರವನ್ನು ಹೊರತಂದಾಗ, ಅದರಲ್ಲಿ ಲಿನಕ್ಸ್ ಮೊದಲಾದ ಬೇರೆ ಕಾರ್ಯನಿರ್ವಹಣ ವ್ಯವಸ್ಥೆಗಳನ್ನು ಸ್ಥಾಪಿಸಿಕೊಂಡು ಅದನ್ನು ಗಣಕಯಂತ್ರದಂತೆ ಬಳಸುವ ಸೌಕರ್ಯವಿತ್ತು. ಆ ಸೌಕರ್ಯವನ್ನು ನೆಚ್ಚಿ ವಿಶ್ವವಿದ್ಯಾನಿಲಯಗಳ ಸಂಶೋಧಕರು ಇಂಥ ಯಂತ್ರಗಳನ್ನು ಸಾಲಾಗಿ ಜೋಡಿಸಿ ಗಣಿತಕಾರ್ಯಕ್ಕೆ ತೊಡಗಿಸಿದರು. ಅಮೆರಿಕದ ವಾಯುಸೇನೆಯ ಸಂಶೋಧನಾಲಯವು ಸುಮಾರು ೧,೭೦೦ ಯಂತ್ರಗಳನ್ನು ಹೀಗೆಯೇ ಜೋಡಿಸಿತ್ತು. ೨೦೧೦ ನೆಯ ಏಪ್ರಿಲ್ ೧ ರಂದು ಸೋನಿಯು ರಕ್ಷಣೆಯ ಕಾರಣವನ್ನು ಹೇಳಿ, ೩.೨೧ ಎಂಬ ಸಂಖ್ಯೆಯ ಪರಿಷ್ಕರಣದಿಂದ ಆ ಸೌಕರ್ಯವನ್ನು ತೆಗೆದುಹಾಕಿತು. ಪರಿಷ್ಕರಣವನ್ನು ಬೇಡವೆನ್ನುವ ಸ್ವಾತಂತ್ರ್ಯವು ಒಡೆಯನಿಗಿತ್ತು. ಆದರೆ ಬೇಡವೆಂದವನಿಗೆ ಅಂತರಜಾಲದ ಆಟವೂ ಸೋನಿಯ ಅಂಗಡಿಯೂ ಮುಚ್ಚಿಹೋಗುತ್ತಿದ್ದುವು. ಎರಡು ಕೈಗಳಲ್ಲಿ ಯಾವುದನ್ನು ಕಡಿಯಬೇಕೆಂದು ಕೇಳಿ, ಆಯ್ಕೆಯನ್ನು ನಿನಗೇ ಬಿಟ್ಟಿದ್ದೇನೆ ಎಂದಂತಾಯಿತು. ಇದರ ಮೇಲೆ ಹೂಡಿದ ವ್ಯಾಜ್ಯವು ವಜಾ ಆಗಿ, ಮೇಲ್ಮನವಿಯಲ್ಲಿ ಮರುಜೀವ ಪಡೆದು, ೨೦೧೮ ರಲ್ಲಿ ೩೭,೫೦,೦೦೦ ಡಾಲರುಗಳ ರಾಜಿಯ ಏರ್ಪಾಟಿಗೆ ಬಂದಿತು. ಹೋದ ಸೌಕರ್ಯವು ಮಾತ್ರ ಹಿಂದಿರುಗಲಿಲ್ಲ.

ಆಪಲ್ ಸಂಸ್ಥೆಯ ಪ್ರಸಂಗವು ಇದಕ್ಕಿಂತ ಸೂಕ್ಷ್ಮವಾದುದು. ಹಳೆಯದಾದ ಬ್ಯಾಟರಿಯು ಒಮ್ಮೆಗೇ ಹೆಚ್ಚಿನ ವಿದ್ಯುತ್ತನ್ನು ಒದಗಿಸಲಾರದೆ ದೂರವಾಣಿಯು ತಟ್ಟನೆ ಆರಿಹೋಗುವುದುಂಟು. ಇದನ್ನು ತಡೆಯಲು ಆ ಸಂಸ್ಥೆಯು ೨೦೧೭ ರ ಜನವರಿಯ ಪರಿಷ್ಕರಣದಲ್ಲಿ ಹಳೆಯ ಐಫೋನುಗಳ ವೇಗವನ್ನು ಬೇಕಾದಾಗ ತಗ್ಗಿಸುವ ಏರ್ಪಾಟನ್ನು ಸೇರಿಸಿತು. ಉಪಾಯವು ಯಂತ್ರಶಾಸ್ತ್ರದ ದೃಷ್ಟಿಯಿಂದ ಅಯುಕ್ತವಲ್ಲ; ಆದರೆ ಅದನ್ನು ಒಡೆಯರಿಗೆ ಸ್ಪಷ್ಟವಾಗಿ ತಿಳಿಸಲಿಲ್ಲ. ಬ್ಯಾಟರಿಯನ್ನು ಬದಲಾಯಿಸಿದರೆ ಸಾಕಾಗಿದ್ದ ಜನರಲ್ಲಿ ಅನೇಕರು, ಯಂತ್ರವೇ ಮುದಿಯಾಯಿತೆಂದು ತಿಳಿಯುವುದಕ್ಕೆ ಅವಕಾಶವಾಯಿತು. ಪರೀಕ್ಷಕರು ಅಂಕಿಗಳಿಂದ ಈ ವಿಷಯವನ್ನು ಹೊರಗೆಡಹಿದ ಮೇಲೆ, ಆ ವರ್ಷದ ಡಿಸೆಂಬರಿನಲ್ಲಿ ಆಪಲ್ ಒಪ್ಪಿಕೊಂಡು, ಕ್ಷಮೆ ಕೇಳಿ, ಬ್ಯಾಟರಿ ಬದಲಾವಣೆಯ ಶುಲ್ಕವನ್ನು ೭೯ ಡಾಲರುಗಳಿಂದ ೨೯ ಕ್ಕೆ ಇಳಿಸಿತು. ೨೦೨೦ ರಲ್ಲಿ ಫ್ರಾನ್ಸಿನ ಅಧಿಕಾರಿಗಳು, ಗ್ರಾಹಕರಿಗೆ ತಿಳಿಸದೆಹೋದ ತಪ್ಪಿಗಾಗಿ ೨.೫ ಕೋಟಿ ಯೂರೋಗಳ ದಂಡವನ್ನು ವಿಧಿಸಿದರು. ಅಮೆರಿಕದಲ್ಲಿ ಗರಿಷ್ಠ ೫೦ ಕೋಟಿ ಡಾಲರುಗಳ ರಾಜಿಯಾಯಿತು. ದಂಡವು ವೇಗವನ್ನು ತಗ್ಗಿಸಿದುದಕ್ಕಲ್ಲ, ಮೌನಕ್ಕೆ ಎಂಬುದನ್ನು ಮನಸ್ಸಿನಲ್ಲಿಡಬೇಕು.

೬. ಆಟಗಾರರು

ಆಟದ ಲೋಕದಲ್ಲಿ ಈ ಚರಿತ್ರೆಯು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ೨೦೧೩ ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಎಕ್ಸ್‌ಬಾಕ್ಸ್ ಒನ್ ಎಂಬ ಯಂತ್ರವನ್ನು ಮಾರಾಟಕ್ಕೆ ತರುವ ಮುನ್ನ ಅದರ ನಿಯಮಗಳನ್ನು ಪ್ರಕಟಿಸಿತು. ಯಂತ್ರವು ೨೪ ಗಂಟೆಗಳಿಗೆ ಒಮ್ಮೆಯಾದರೂ ಅಂತರಜಾಲದ ಮೂಲಕ ಸಂಸ್ಥೆಯನ್ನು ಸಂಪರ್ಕಿಸಬೇಕು, ಇಲ್ಲದಿದ್ದರೆ ಆಟವು ನಿಲ್ಲುವುದು. ತಟ್ಟೆಯಲ್ಲಿ ಕೊಂಡ ಆಟವನ್ನು ನಿಯಮಿತರಾದ ವರ್ತಕರಲ್ಲಿ ಮಾತ್ರ ಮರಳಿ ಮಾರಬಹುದು. ಸ್ನೇಹಿತನಿಗೆ ಕೊಡುವುದಾದರೆ ಅವನು ೩೦ ದಿನಗಳಿಂದಲಾದರೂ ಸ್ನೇಹಿತರ ಪಟ್ಟಿಯಲ್ಲಿರಬೇಕು, ಅದೂ ಒಂದು ಸಲ ಮಾತ್ರ. ಜೂನ್ ೧೦ ರಂದು ಸೋನಿಯು ತನ್ನ ಪ್ಲೇಸ್ಟೇಷನ್ ೪ ರಲ್ಲಿ ಇಂಥ ಕಟ್ಟಳೆಗಳಾವುವೂ ಇಲ್ಲವೆಂದೂ, ಅದರ ಬೆಲೆಯು ಎಕ್ಸ್‌ಬಾಕ್ಸಿನ ೪೯೯ ಡಾಲರುಗಳಿಗೆ ಪ್ರತಿಯಾಗಿ ೩೯೯ ಎಂದೂ ಸಾರಿತು. ಜೂನ್ ೧೯ ರಂದು ಮೈಕ್ರೋಸಾಫ್ಟ್ ತನ್ನ ನಿಯಮಗಳನ್ನು ಹಿಂದಕ್ಕೆ ತೆಗೆದುಕೊಂಡಿತು. ಅವುಗಳೊಡನೆ, ಆಟಗಳನ್ನು ಕುಟುಂಬದ ಹತ್ತು ಮಂದಿ ಹಂಚಿಕೊಳ್ಳಬಹುದೆಂದಿದ್ದ ಒಂದು ಅನುಕೂಲವೂ ಬಿದ್ದುಹೋಯಿತೆಂಬುದನ್ನು ಹೇಳದಿದ್ದರೆ ಚಿತ್ರವು ಪೂರ್ತಿಯಾಗದು.

ಇದಕ್ಕೆ ವಿರುದ್ಧವಾದ ನಿದರ್ಶನವು ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆಯ ‘ದಿ ಕ್ರೂ’ ಎಂಬ ಮೋಟಾರು ಪಂದ್ಯದ ಆಟ. ೨೦೧೪ ರ ಡಿಸೆಂಬರಿನಲ್ಲಿ ಹೊರಬಂದ ಈ ಆಟವನ್ನು ಒಬ್ಬನೇ ಕುಳಿತು ಆಡುವುದಾದರೂ ಸಂಸ್ಥೆಯ ಸರ್ವರಿನ ಸಂಪರ್ಕವು ಬೇಕಾಗಿತ್ತು. ೨೦೨೩ ರ ಡಿಸೆಂಬರಿನಲ್ಲಿ ಅದರ ಮಾರಾಟವು ನಿಂತಿತು. ೨೦೨೪ ನೆಯ ಮಾರ್ಚ್ ೩೧ ರಂದು ಸರ್ವರುಗಳು ನಿಂತುವು. ಅಂದಿನಿಂದ ತಟ್ಟೆಯು ಕೈಯಲ್ಲಿದ್ದವನಿಗೂ ಆಟವಿಲ್ಲ. ಇದರಿಂದ ಪ್ರೇರಿತನಾಗಿ ರಾಸ್ ಸ್ಕಾಟ್ ಎಂಬಾತನು ೨೦೨೪ ರ ಏಪ್ರಿಲಿನಲ್ಲಿ, ಮಾರಿದ ಆಟಗಳನ್ನು ಕೊಲ್ಲಬಾರದೆಂಬ ಚಳವಳಿಯನ್ನು ಆರಂಭಿಸಿದನು. ಐರೋಪ್ಯ ಒಕ್ಕೂಟದ ನಾಗರಿಕರು ತಮ್ಮ ಆಡಳಿತಕ್ಕೆ ಸಲ್ಲಿಸತಕ್ಕ ಮನವಿಗೆ ಬೇಕಾದ ೧೦ ಲಕ್ಷ ಸಹಿಗಳ ಮಿತಿಯನ್ನು ಆ ಚಳವಳಿಯು ೨೦೨೫ ರ ಜುಲೈ ತಿಂಗಳಲ್ಲಿ ದಾಟಿತು. ಎಲ್ಲ ಸರ್ವರುಗಳನ್ನೂ ಎಂದೆಂದಿಗೂ ನಡೆಯಿಸಬೇಕೆಂದು ಅವರು ಕೇಳಲಿಲ್ಲ. ಸೇವೆಯನ್ನು ನಿಲ್ಲಿಸುವಾಗ ಕೊಂಡವನು ತಾನಾಗಿ ಆಡಿಕೊಳ್ಳುವಂತೆ ಆಟವನ್ನು ಬಿಟ್ಟುಹೋಗಬೇಕೆಂಬುದಷ್ಟೇ ಅವರ ಪ್ರಾರ್ಥನೆ. ಇದು ಅಸಾಧ್ಯವಲ್ಲವೆಂಬುದಕ್ಕೆ ಯೂಬಿಸಾಫ್ಟ್ ಸಂಸ್ಥೆಯೇ ಸಾಕ್ಷಿ. ‘ದಿ ಕ್ರೂ’ ಆಟದ ಮುಂದಣ ಎರಡು ಭಾಗಗಳಿಗೆ ಸಂಪರ್ಕವಿಲ್ಲದೆ ಆಡುವ ಏರ್ಪಾಟನ್ನು ಮಾಡುವುದಾಗಿ ಅದು ೨೦೨೪ ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು.

ಇವೆರಡರ ನಡುವೆ ಗೂಗಲ್ ಸಂಸ್ಥೆಯ ಸ್ಟೇಡಿಯ ಎಂಬ ಸೇವೆಯನ್ನು ಇಡಬಹುದು. ೨೦೧೯ ರ ನವೆಂಬರಿನಲ್ಲಿ ಆರಂಭವಾಗಿ ೨೦೨೩ ನೆಯ ಜನವರಿ ೧೮ ರಂದು ನಿಂತುಹೋದ ಈ ಸೇವೆಯಲ್ಲಿ ಆಟಗಳು ಆಡುವವನ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಮುಚ್ಚುವಾಗ ಗೂಗಲ್ ತಾನು ಮಾರಿದ ಆಟಗಳ ಬೆಲೆಯನ್ನೂ ಉಪಕರಣಗಳ ಬೆಲೆಯನ್ನೂ ಹಿಂದಿರುಗಿಸಿ, ಕೈಯಲ್ಲಿ ಹಿಡಿಯುವ ನಿಯಂತ್ರಕವು ಬೇರೆ ಯಂತ್ರಗಳೊಡನೆಯೂ ನಡೆಯುವಂತೆ ಪರಿಷ್ಕರಿಸಿಕೊಟ್ಟಿತು. ಮುಚ್ಚುವುದರಲ್ಲಿಯೂ ಮರ್ಯಾದೆಯ ಮಾರ್ಗವೊಂದುಂಟೆಂಬುದಕ್ಕೆ ಇದು ಉದಾಹರಣೆ.

೭. ಚಂದಾದಾರರು

ಚಂದಾದಾರನ ಸ್ಥಿತಿಯು ಕೊಂಡವನ ಸ್ಥಿತಿಗಿಂತ ಬೇರೆ. ತಿಂಗಳ ಬಾಡಿಗೆಯನ್ನು ಕೊಡುವವನು ಮನೆಯು ತನ್ನದೆಂದು ಹೇಳುವುದಿಲ್ಲ. ಆದರೆ ಬಾಡಿಗೆಯ ಕರಾರು ತಿಂಗಳಿಗೊಮ್ಮೆ ಬದಲಾದರೆ ಅವನಿಗೂ ನೆಮ್ಮದಿಯಿಲ್ಲ. ೧೯೯೭ ರಲ್ಲಿ ಸ್ಥಾಪಿತವಾದ ನೆಟ್‌ಫ್ಲಿಕ್ಸ್ ಸಂಸ್ಥೆಯು ಮೊದಲು ಅಂಚೆಯ ಮೂಲಕ ಚಲನಚಿತ್ರಗಳ ತಟ್ಟೆಗಳನ್ನು ಎರವಲು ಕೊಡುತ್ತಿದ್ದು, ೨೦೦೭ ರಲ್ಲಿ ಅಂತರಜಾಲದ ಪ್ರದರ್ಶನವನ್ನು ಆರಂಭಿಸಿತು. ೨೦೧೧ ರ ಜುಲೈ ತಿಂಗಳಲ್ಲಿ, ೯.೯೯ ಡಾಲರುಗಳಿಗೆ ಒಟ್ಟಾಗಿ ದೊರೆಯುತ್ತಿದ್ದ ಎರಡು ಸೇವೆಗಳನ್ನು ಬೇರ್ಪಡಿಸಿ ಪ್ರತಿಯೊಂದಕ್ಕೂ ೭.೯೯ ಡಾಲರು ಎಂದು ಕಟ್ಟುಮಾಡಿತು. ಸೆಪ್ಟೆಂಬರಿನಲ್ಲಿ ತಟ್ಟೆಗಳ ಸೇವೆಗೆ ಕ್ವಿಕ್‌ಸ್ಟರ್ ಎಂದು ಹೆಸರಿಟ್ಟು ಅದನ್ನು ಬೇರೆ ಮಾಡುವುದಾಗಿ ಹೇಳಿ, ಅಕ್ಟೋಬರ್ ೧೦ ರಂದು ಆ ಆಲೋಚನೆಯನ್ನು ಕೈಬಿಟ್ಟಿತು. ಆ ಮೂರು ತಿಂಗಳಲ್ಲಿ ಸುಮಾರು ೮ ಲಕ್ಷ ಮಂದಿ ಅಮೆರಿಕದ ಚಂದಾದಾರರು ಅದನ್ನು ಬಿಟ್ಟುಹೋದರು. ಹೆಸರು ಹೋಯಿತು, ಬೆಲೆಯು ಮಾತ್ರ ನಿಂತಿತು.

೨೦೧೭ ನೆಯ ಮಾರ್ಚಿಯಲ್ಲಿ ಇದೇ ಸಂಸ್ಥೆಯು, ಪಾಸ್‌ವರ್ಡನ್ನು ಹಂಚಿಕೊಳ್ಳುವುದೇ ಪ್ರೀತಿ ಎಂಬರ್ಥದ ವಿನೋದದ ಮಾತನ್ನು ಬಹಿರಂಗವಾಗಿ ಪ್ರಕಟಿಸಿತ್ತು. ೨೦೨೨ ರ ಮೊದಲ ಮೂರು ತಿಂಗಳಲ್ಲಿ ೨ ಲಕ್ಷ ಚಂದಾದಾರರು ಕಡಮೆಯಾದಾಗ ಆ ಪ್ರೀತಿಯು ಕರಗಿತು. ೨೦೨೩ ರ ಮೇ ತಿಂಗಳಲ್ಲಿ ಅಮೆರಿಕದಲ್ಲಿಯೂ, ಜುಲೈ ತಿಂಗಳಲ್ಲಿ ಭಾರತದಲ್ಲಿಯೂ, ಒಂದು ಲೆಕ್ಕವು ಒಂದು ಮನೆಯವರಿಗೆ ಮಾತ್ರ ಎಂಬ ನಿಯಮವು ಜಾರಿಗೆ ಬಂದಿತು. ಓದು ಉದ್ಯೋಗಗಳಿಗಾಗಿ ಮಕ್ಕಳು ಬೇರೆ ಊರಿನಲ್ಲಿರುವ ನಮ್ಮ ಅವಿಭಕ್ತ ಕುಟುಂಬಗಳಿಗೆ, ಮನೆಯೆಂದರೆ ಒಂದು ಸೂರೆಂದು ಸಂಸ್ಥೆಯು ಮಾಡಿದ ನಿರ್ವಚನವು ಹೊಸದಾಗಿ ಕಂಡಿತು. ಆದರೆ ಕೂಗು ಎಷ್ಟು ದೊಡ್ಡದಾದರೂ ಸಂಸ್ಥೆಗೆ ನಷ್ಟವಾಗಲಿಲ್ಲ. ೨೦೨೨ ರ ಕೊನೆಯಲ್ಲಿ ಸುಮಾರು ೨೩ ಕೋಟಿಯಿದ್ದ ಚಂದಾದಾರರ ಸಂಖ್ಯೆಯು ೨೦೨೩ ರ ಕೊನೆಗೆ ೨೬ ಕೋಟಿಯಾಯಿತು.

ನಿಯಮಗಳ ಬದಲಾವಣೆಯೆಲ್ಲವೂ ಗ್ರಾಹಕನಿಗೆ ಪ್ರತಿಕೂಲವೆಂದು ಹೇಳುವುದೂ ನ್ಯಾಯವಲ್ಲ. ೨೦೨೧ ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಭಾರತದಲ್ಲಿ ತನ್ನ ದರಗಳನ್ನು ತಗ್ಗಿಸಿತು; ದೂರವಾಣಿಯಲ್ಲಿ ಮಾತ್ರ ನೋಡತಕ್ಕ ಚಂದಾ ೧೯೯ ರೂಪಾಯಿಗಳಿಂದ ೧೪೯ ಕ್ಕೂ, ಮೂಲಭೂತ ಚಂದಾ ೪೯೯ ರಿಂದ ೧೯೯ ಕ್ಕೂ ಇಳಿದುವು. ಇಲ್ಲಿ ಅಗ್ಗವಾದ ಪ್ರತಿಸ್ಪರ್ಧಿಗಳು ಅನೇಕರಿದ್ದರು. ಅಮೆಜಾನ್ ಸಂಸ್ಥೆಯ ಪ್ರೈಮ್ ವಿಡಿಯೋ ಸೇವೆಯಲ್ಲಿಯಾದರೋ ಬದಲಾವಣೆಯು ಬೇರೆ ರೂಪವನ್ನು ತಾಳಿತು. ೨೦೨೪ ನೆಯ ಜನವರಿ ೨೯ ರಿಂದ ಅಮೆರಿಕದಲ್ಲಿ ಚಿತ್ರಗಳ ನಡುವೆ ಜಾಹೀರಾತುಗಳು ಬಂದುವು. ಅವು ಬೇಡವೆನ್ನುವವರು ತಿಂಗಳಿಗೆ ೨.೯೯ ಡಾಲರು ಹೆಚ್ಚಾಗಿ ಕೊಡಬೇಕಾಯಿತು. ೨೦೨೫ ರ ಜೂನ್ ತಿಂಗಳಲ್ಲಿ ಇದೇ ಕ್ರಮವು ಭಾರತಕ್ಕೂ ಬಂದಿತು. ವರ್ಷದ ಚಂದಾವನ್ನು ಮುಂಗಡವಾಗಿ ಕೊಟ್ಟಿದ್ದವನಿಗೆ, ವರ್ಷದ ನಡುವೆ ಪದಾರ್ಥವು ಬದಲಾದಂತಾಯಿತು.

೮. ಪರಾಮರ್ಶೆ

ಮೇಲಣ ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಕ್ರಮವು ಗೋಚರವಾಗುತ್ತದೆ. ಎಕ್ಸ್‌ಬಾಕ್ಸಿನ ನಿಯಮಗಳು ಹದಿನೈದು ದಿನದೊಳಗೆ ಬಿದ್ದುಹೋದುವು. ಏಕೆಂದರೆ ಆಗ ಯಾರೂ ಯಂತ್ರವನ್ನು ಕೊಂಡಿರಲಿಲ್ಲ, ಹಣವು ಇನ್ನೂ ಜನರ ಕಿಸೆಯಲ್ಲಿತ್ತು, ಪಕ್ಕದ ಅಂಗಡಿಯು ತೆರೆದಿತ್ತು. ಪ್ಲೇಸ್ಟೇಷನ್ ೩ ರ ಸೌಕರ್ಯವೂ ‘ದಿ ಕ್ರೂ’ ಆಟವೂ ಹಿಂದಿರುಗಲಿಲ್ಲ. ಏಕೆಂದರೆ ಹಣವು ಆಗಲೇ ಸಂದುಹೋಗಿತ್ತು. ಹಂಚಿಕೆಯ ನಿಷೇಧವು ನಿಂತಿತು. ಏಕೆಂದರೆ ಕೂಗಿದವರಲ್ಲಿ ಬಹುಮಂದಿ ಹಣವನ್ನೇ ಕೊಡುತ್ತಿರಲಿಲ್ಲ. ಕೊಂಡ ಮೇಲೆಯೂ ಕೂಗು ಫಲಿಸಿದ ಉದಾಹರಣೆಗಳು ಇಲ್ಲದಿಲ್ಲ. ಪ್ಲೇಸ್ಟೇಷನ್ ೩ ಮತ್ತು ವೀಟಾ ಯಂತ್ರಗಳ ಅಂಗಡಿಯನ್ನು ಮುಚ್ಚುವುದಾಗಿ ೨೦೨೧ ರ ಮಾರ್ಚಿನಲ್ಲಿ ಹೇಳಿದ ಸೋನಿಯು ಏಪ್ರಿಲಿನಲ್ಲಿ ಅದನ್ನು ರದ್ದುಮಾಡಿತು. ಗ್ರಾಹಕರು ಕೊಂಡಿದ್ದ ಡಿಸ್ಕವರಿ ಸಂಸ್ಥೆಯ ದೃಶ್ಯಮಾಲೆಗಳನ್ನು ತೆಗೆಯುವುದಾಗಿ ೨೦೨೩ ರ ಡಿಸೆಂಬರಿನಲ್ಲಿ ಪ್ರಕಟಿಸಿ, ಅದೇ ತಿಂಗಳಲ್ಲಿ ನಿಲ್ಲಿಸಿತು. ಆದರೆ ಈ ಎರಡು ಕಡೆಗಳಲ್ಲಿಯೂ ಅದೇ ಗ್ರಾಹಕರು ಮುಂದೆಯೂ ಅದೇ ಅಂಗಡಿಗೆ ಬರಬೇಕಾದವರು. ಆದುದರಿಂದ ಸಂಸ್ಥೆಯನ್ನು ತಡೆಯತಕ್ಕ ಬಲವು ಸಂದ ಬೆಲೆಯಲ್ಲಿಲ್ಲ, ಸಲ್ಲಬೇಕಾದ ಬೆಲೆಯಲ್ಲಿದೆ ಎಂದು ಸಿದ್ಧಪಡುತ್ತದೆ. ಮಾರಾಟವು ಮುಗಿದ ಬಳಿಕ ಗ್ರಾಹಕನಿಗೆ ಉಳಿಯುವುದು ಶಾಸನದ ಆಸರೆಯೊಂದೇ.

ಆ ಶಾಸನವು ಈಗತಾನೆ ಮೊಳೆಯುತ್ತಿದೆ. ೨೦೨೪ ರ ಸೆಪ್ಟೆಂಬರಿನಲ್ಲಿ ಅಂಗೀಕೃತವಾಗಿ ೨೦೨೫ ನೆಯ ಜನವರಿ ೧ ರಿಂದ ಜಾರಿಗೆ ಬಂದ ಕ್ಯಾಲಿಫೋರ್ನಿಯದ ಕಾಯಿದೆಯ ಪ್ರಕಾರ, ಕೊಡುತ್ತಿರುವುದು ಪರವಾನಗಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿರಿ’ ಎಂಬ ಮಾತನ್ನು ಅಂಗಡಿಯವನು ಬಳಸಕೂಡದು. ಶಾಶ್ವತವಾಗಿ ಇಳಿಸಿಕೊಂಡು ಸಂಪರ್ಕವಿಲ್ಲದೆ ಬಳಸಬಹುದಾದ ಪದಾರ್ಥಕ್ಕೆ ಈ ಕಟ್ಟಳೆಯಿಲ್ಲ. ಇದು ಒಡೆತನವನ್ನು ಹಿಂದಿರುಗಿಸುವ ಕಾಯಿದೆಯಲ್ಲ, ಒಡೆತನವಿಲ್ಲವೆಂಬುದನ್ನು ಹೇಳಿಸುವ ಕಾಯಿದೆ. ಆದರೂ ೧೯೦೮ ರ ನ್ಯಾಯಾಧೀಶರು ಕೇಳಿದ ಪ್ರಶ್ನೆಯನ್ನೇ—ಹೆಸರು ಏನಾದರಾಗಲಿ, ನಡೆದ ವ್ಯವಹಾರವೇನು ಎಂಬುದನ್ನೇ—ಇದು ಮತ್ತೆ ಎತ್ತಿರುವುದರಿಂದ ಗಮನಾರ್ಹವಾಗಿದೆ.

ಚರಿತ್ರೆಯನ್ನು ಅಭ್ಯಾಸಮಾಡುವವರಿಗೆ ಈ ವಿಷಯದಲ್ಲಿ ಗ್ರಾಹಕರಿಗಿಂತಲೂ ಹೆಚ್ಚಿನ ಕಾಳಜಿ ಇರತಕ್ಕದ್ದು. ೨೦೨೩ ರ ಜುಲೈ ತಿಂಗಳಲ್ಲಿ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಪ್ರಕಟಿಸಿದ ಸಮೀಕ್ಷೆಯ ಮೇರೆಗೆ, ೨೦೧೦ ಕ್ಕೆ ಮುಂಚೆ ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ಶೇಕಡ ೮೭ ರಷ್ಟು ಈಗ ಅಂಗಡಿಗಳಲ್ಲಿ ದೊರೆಯುವುದಿಲ್ಲ. ಪುಸ್ತಕ ಭಂಡಾರಗಳು ತಮ್ಮಲ್ಲಿರುವ ಹಳೆಯ ಆಟಗಳನ್ನು ದೂರದ ಸಂಶೋಧಕರಿಗೆ ಅಂತರಜಾಲದ ಮೂಲಕ ತೋರಿಸಲು ಕೇಳಿದ ಅನುಮತಿಯನ್ನು ಅಲ್ಲಿಯ ಗ್ರಂಥಸ್ವಾಮ್ಯದ ಕಚೇರಿಯು ೨೦೨೪ ರ ಅಕ್ಟೋಬರಿನಲ್ಲಿ ನಿರಾಕರಿಸಿತು. ನಮ್ಮ ತಾಳೆಯೋಲೆಗಳನ್ನು ಗೆದ್ದಲು ತಿಂದುದುಂಟು, ಶಾಸನದ ಕಲ್ಲುಗಳನ್ನು 
ಮೆಟ್ಟಿಲಾಗಿ ಹಾಸಿದುದುಂಟು; ಆದರೂ ಒಂದು ಊರಿನಲ್ಲಿ ಅಳಿದ ಗ್ರಂಥದ ಪ್ರತಿಯು ಇನ್ನೊಂದು ಊರಿನ ಅಟ್ಟದ ಮೇಲೆ ಸಿಕ್ಕುವುದೂ ಉಂಟು. ಪ್ರತಿಗಳು ಅನೇಕರ ಕೈಯಲ್ಲಿ ಚದರಿದ್ದುದರಿಂದಲೇ ಅವು ಉಳಿದುವು. ಒಂದೇ ಸರ್ವರಿನಲ್ಲಿ ಜೀವವನ್ನಿಟ್ಟುಕೊಂಡಿರುವ ಕೃತಿಗೆ ಅಂಥ ಅಟ್ಟವಿಲ್ಲ. ಅದರ ಆಯುಸ್ಸು ಸಂಸ್ಥೆಯೊಂದರ ಲೆಕ್ಕಪತ್ರವನ್ನು ಅವಲಂಬಿಸಿದೆ. ಈ ಕಾಲದ ವಿನೋದಗಳನ್ನೂ ಕಲೆಗಳನ್ನೂ ಮುಂದೆ ಬರೆಯತಕ್ಕವರಿಗೆ ಮೂಲಸಾಮಗ್ರಿಯು ದೊರೆಯಬೇಕಾದರೆ, ಕೊಂಡವನ ಹಕ್ಕಿನ ಜೊತೆಗೆ ಪುಸ್ತಕ ಭಂಡಾರಗಳ ಹಕ್ಕನ್ನೂ ಶಾಸನಕರ್ತರು ವಿಚಾರಮಾಡುವುದು ಅವಶ್ಯಕವಾಗಿದೆ.